ಮಳೆಯೊಳಗೂ ರಸ್ತೆಗೆ ನೀರು

ನೋಡ್ರಪ್ಪಾ, ಇವತ್ತು ಸಂಡೂರು ಘಾಟಿನಲ್ಲಿ ಮಳೆ ಹನಿಯುತ್ತಿರುವಾಗಲೇ ಟ್ಯಾಂಕರಿನವನು ರಸ್ತೆಗೆ ನೀರು ಹೊಡೆಯುತ್ತಿದ್ದ. ಅದಿರು ಲಾರಿಗಳ ಧೂಳು ಏಳಬಾರದೆಂದು ದಿನಾ ಹೊಡೆಯುವುದು ಸರಿ. ಆದರೆ ಇವತ್ತು ಮಳೆ ಅಂತ ಮುಂಜಾನೆ ರೇಡಿಯೋದಲ್ಲೇ ಹೇಳಿದ್ದರು. ಮಳೆಯೂ ಟ್ಯಾಂಕರಿನ ನೀರೂ ಸೇರಿ ಕೆಂಪು ರಸ್ತೆ ಕುಂಕುಮ ಕಲಸಿಟ್ಟಂತಾಗಿತ್ತು. ತಿರುವಿನಲ್ಲಿ ನಮ್ಮ ಮೊಪೆಡ್ ಜಾರಿತು. ಯಜಮಾನರು ಕಾಲೂರಿ ಹೆಂಗೋ ನಿಲ್ಲಿಸಿದರು. ಹಿಂದೆಯೇ ಬರುತ್ತಿದ್ದ ಲೋಡ್ ಲಾರಿಯೂ ನಿಂತಿತು, ಹನುಮಪ್ಪನ ದಯೆ.

ಇಳಿದು ಟ್ಯಾಂಕರಿನ ಹತ್ತಿರ ಹೋದೆ. "ಮ್ಯಾಲಿಂದ ದೇವರು ಹಾಕಾಕತ್ಯಾನ, ನೀ ಯಾಕ ಹಾಕ್ತೀಯಪ್ಪಾ?" ಅಂದೆ.

"ದೇವರಿಗೆ ಸೂಪರ್‌ವೈಸರ್ ಇಲ್ಲ ಬಿಡಮ್ಮ, ನನಗದಾನ" ಅಂದ. ಪಾಪ, ಫೋನ್ ಹಚ್ಚಿ ಕೇಳಿಯೂ ಕೇಳಿದ. ಹೊಸಪೇಟೆ ಆಫೀಸಿನಿಂದ ಸೂಪರ್‌ವೈಸರ್, "ಇಲ್ಲಿ ಬಿಸಿಲು ಸುಡಾಕತ್ತೈತಿ. ಸುಮ್ನ ನೀರು ಹೊಡಿಲೇ" ಅಂದದ್ದು ನನಗೂ ಕೇಳಿಸಿತು.

ಫೋನ್ ಇಸಕೊಂಡೆ. "ಸಾಹೇಬ್ರ, ನಿಮ್ಮ ಕಿಟಕಿಯಾಗ ನಮ್ಮ ಘಾಟು ಕಾಣಂಗಿಲ್ರಿ. ಮುಂಜಾನಿ ರೇಡಿಯೋನರ ಕೇಳ್ರಿ, ಇಲ್ಲಾ ಇಲ್ಲಿ ನೆನಿಯಾಕತ್ತೋನ ಮಾತರ ಕೇಳ್ರಿ" ಅಂದೆ.

"ಯಾರಮ್ಮಾ ನೀನು?" ಅಂದು ಇಟ್ಟೇಬಿಟ್ಟರು.

ಟ್ಯಾಂಕರಿನವನು ನಕ್ಕ. "ನೀವು ತಿರುವು ದಾಟೋತನಕ ಬಂದ್ ಮಾಡ್ತೀನಿ, ಹೋಗ್ರಿ" ಅಂದ. ನಾವು ದಾಟಿದೆವು. ಹಿಂದೆ ಮತ್ತೆ ನೀರು ಬಿಟ್ಟ ಸದ್ದು ಕೇಳಿತು.

ಶನಿವಾರ ಹನುಮಪ್ಪನಿಗೆ ಕಾಯಿ ಒಡೆಸಿ ಒಂದೇ ಬೇಡಿಕೊಳ್ಳುವವಳಿದ್ದೇನೆ: ಆ ಸಾಹೇಬರ ಆಫೀಸಿನ ಮೇಲೂ ನಾಲ್ಕು ಹನಿ ಉದುರಿಸಪ್ಪಾ.