ವಿಚಾರೂನ್ ಯೇ

ನನಗೆ ಅನುಮಾನ ಹುಟ್ಟುಗುಣ. ಚಿಕ್ಕೋಡಿಯ ಶಾಲೆಯಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಯಿತು. ನಿವೃತ್ತಳಾದ ನಂತರ, ಪ್ರೊಬೇಷನ್ ಮೇಲೆ ಬಿಡುಗಡೆಯಾದ ಹುಡುಗರಿಗೆ ಶನಿವಾರ ಪಾಠ ಹೇಳಲು ಒಪ್ಪಿಕೊಂಡೆ. ಪಾಠ ಇಷ್ಟೇ: ದುಡುಕಬೇಡ, ನಿಲ್ಲು, ಯೋಚಿಸು, ಆಮೇಲೆ ಮಾಡು.

ಮಹಾರಾಷ್ಟ್ರದ ಗಡಿಗೆ ಹತ್ತಿರದ ಭೋಜ ಊರಿನ ಕಡೆಯ ಹತ್ತೊಂಬತ್ತರ ಹುಡುಗನೊಬ್ಬ ಬರುತ್ತಿದ್ದ. ಬೈಕು ಕದ್ದು ಸಿಕ್ಕಿಬಿದ್ದವನು. ಬೈಕಿನವರ ಮನೆಯತ್ತ ಸುಳಿದರೆ ಪ್ರೊಬೇಷನ್ ರದ್ದು, ಜೈಲೇ ಗತಿ. ಮನೆಮಾತು ಮರಾಠಿ; ತರಗತಿಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಏನೋ ಮುಚ್ಚಿಡುತ್ತಿದ್ದಾನೆ ಎಂದೇ ನನಗೆ ಅನಿಸುತ್ತಿತ್ತು.

ಒಂದು ಶನಿವಾರ ಎಲ್ಲರಿಗೂ ಪ್ರಶ್ನೆ ಕೊಟ್ಟೆ: ನೀನು ಮಾಡಿದ್ದರಿಂದ ಆ ಮನೆಯವರಿಗೆ ಏನು ತೊಂದರೆಯಾಯಿತು? ಇವನಿಗೆ ಮಾತ್ರ ನನ್ನ ಹರಕು ಮರಾಠಿಯಲ್ಲಿ "ವಿಚಾರೂನ್ ಯೇ" ಎಂದೆ. ವಿಚಾರ ಮಾಡಿಕೊಂಡು ಬಾ ಅಂದೆನೆಂದು ಒಳಗೊಳಗೇ ಬೀಗಿದ್ದೆ.

ಬುಧವಾರ ಪ್ರೊಬೇಷನ್ ಅಧಿಕಾರಿಯ ಫೋನ್ ಬಂತು. "ಮೇಡಮ್, ನಿಮ್ಮ ಶಿಷ್ಯ ಬೈಕಿನವರ ಮನಿಗೆ ಹೋಗಿದ್ನಂತ್ರಿ. ಯಾಕ ಹೋಗಿದ್ದಾನು?"

"ಹೆದರಸಾಕ ಹೋಗಿರ್ಬೇಕ್ರಿ, ಮತ್ಯಾಕ?" ಎಂದುಬಿಟ್ಟೆ.

ಶನಿವಾರ ಅವನು ಬಂದು ಮಡಚಿದ ಹಾಳೆಯೊಂದನ್ನು ಕೊಟ್ಟ. ಮರಾಠಿಯಲ್ಲಿ ಬರೆದಿದ್ದ: ಬೈಕು ಇಲ್ಲದಷ್ಟು ದಿನ ಆ ಮನೆಯಾಕೆ ಹಾಲಿನ ಕ್ಯಾನು ಹೊತ್ತು ಡೈರಿಗೆ ನಡೆದಳು. ಭುಜ ಇನ್ನೂ ನೋಯುತ್ತದಂತೆ.

"ಅಲ್ಲಿಗೆ ಹೋಗಬ್ಯಾಡ ಅಂತ ಷರತ್ತ ಇತ್ತಲ್ಲೋ!" ಎಂದು ರೇಗಿದೆ.

"ನೀವ ಹೇಳಿದ್ರಲ್ರಿ, ವಿಚಾರೂನ್ ಯೇ ಅಂತ. ಹೋಗಿ ಕೇಳ್ಕೊಂಡ ಬಂದೇನ್ರಿ."

ಮರಾಠಿಯಲ್ಲಿ ಆ ಮಾತಿಗೆ ಕೇಳಿಕೊಂಡು ಬಾ ಎಂದೇ ಅರ್ಥ. ಇಲ್ಲಿ ತರಕಾರಿ ಮಾರುವವರಿಗೂ ಅದು ಗೊತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೂ ನನ್ನ ದರಿದ್ರ ಬುದ್ಧಿ, ಇದೂ ಒಂದು ನೆಪವಿರಬಹುದೇ ಎಂದು ಒಂದು ಗಳಿಗೆ ಶಂಕಿಸಿತು. ಹಾಳೆಯನ್ನು ಮತ್ತೆ ಓದಿದೆ. ಆ ಭುಜದ ನೋವು ಕೇಳದೆ ಗೊತ್ತಾಗುವಂಥದ್ದಲ್ಲ.

ಅವನೆದುರೇ ಅಧಿಕಾರಿಗೆ ಫೋನ್ ಹಚ್ಚಿದೆ. "ತಪ್ಪ ನಂದ್ರಿ. ನನ್ನ ಮಾತಿನಿಂದನ ಅಂವ ಹೋಗ್ಯಾನ. ಹೆದರಸಾಕ ಹೋಗ್ಯಾನ ಅಂದದ್ದು ಬರೇ ನನ್ನ ಸಂಶಯರಿ."

"ಬರದ ಕೊಡ್ರಿ. ರದ್ದ ಮಾಡಬ್ಯಾಡ್ರಿ ಅಂತ ನಾ ಕೋರ್ಟಿಗೆ ಕೇಳ್ತೇನಿ," ಎಂದರು.

ಅಲ್ಲೇ ಕೂತು ಬರೆಯತೊಡಗಿದೆ. ಅವನು ಎದುರಿಗೇ ನಿಂತಿದ್ದ.

"ಹೆದರಸಾಕ ಅಂದಿದ್ರೇನ್ರಿ, ಮೇಡಮ್?"

ತಲೆಯೆತ್ತದೆ ಹೂಂ ಎಂದೆ.

"ಮದ್ಲ ನನ್ನ ವಿಚಾರಸಬೇಕಿತ್ತಲ್ರಿ."