ಜೀಪಿನಿಂದಿಳಿಯದ ಮರದ ಸಾಹೇಬರು
ನಮ್ಮ ರಿಚರ್ಡ್ಸ್ ಟೌನಿನ ಮರಗಳನ್ನು ಪರೀಕ್ಷಿಸಲು ಬರುವ ಪಂಚಾಕ್ಷರಿ ಸಾಹೇಬರು ಜೀಪಿನಿಂದ ಇಳಿಯುವವರೇ ಅಲ್ಲ. ಕಿಟಕಿಯಿಂದಲೇ ನನ್ನ ಮಗಳಿಗೊಂದು ಪೆಪ್ಪರಮೆಂಟು ಕೊಟ್ಟು, ಕತ್ತೆತ್ತಿ, ‘ಬಂದಳಿಕೆ ರೋಗ, ಕಡೀರಿ’ ಎನ್ನುತ್ತಾರೆ. ಹೀಗೆ ಎಂಟು ಹೊಂಗೆ ಮರ ಹೋದವು. ಇವತ್ತು ಒಂಬತ್ತನೆಯದಕ್ಕೆ ಬಂದಾಗ ಮಗಳನ್ನು ಕಂಕುಳಲ್ಲಿಟ್ಟುಕೊಂಡೇ ಅಡ್ಡ ನಿಂತೆ. ‘ಬಂದಳಿಕೆ ಹತ್ತಿದ ಕೊಂಬೆ ಮಾತ್ರ ತೆಗೆದ್ರೆ ಮರ ಉಳಿಯುತ್ತೆ ಸಾರ್. ಮಗೂಗೆ ಹೇನಾದ್ರೆ ತಲೇನೇ ಕಡೀತೀರಾ?’ ‘ಎಕ್ಸ್‌ಪರ್ಟ್ ನಾನೋ ನೀವೋ ಅಮ್ಮಾ?’ ಎಂದರು. ಅಷ್ಟರಲ್ಲಿ, ಕಡಿಯಲೆಂದು ಮರ ಹತ್ತಿದ್ದ ಕೂಲಿಯಾಳು ಹುಸೇನಪ್ಪ ಕೊಂಬೆಗೆ ಅಂಟಿ ಬೆಳೆದಿದ್ದ ಬಂದಳಿಕೆ ಗಿಡದ್ದೇ ಒಂದು ಗೊಂಚಲು ಕತ್ತರಿಸಿ ತಂದು, ‘ಹಿಡೀರಿ ಸಾಹೇಬ್ರ’ ಎಂದು ಅವರ ಕೈಗಿತ್ತ. ಸಾಹೇಬರು ಅದರ ಕೆಂಪು ಹೂಗಳನ್ನು ಅಕ್ಕರೆಯಿಂದ ಸವರಿ, ‘ಎಷ್ಟು ಚೆನ್ನಾಗಿದೆ! ಯಾವ ಗಿಡದ್ದಪ್ಪಾ ಇದು? ನಮ್ಮನೆ ಕುಂಡಕ್ಕೊಂದು ಸಸಿ ಸಿಗುತ್ತಾ?’ ಎಂದರು.