ಎರಡು ನೀರು ಸೇರುವ ಜಾಗ

ದೊಡ್ಡನೆಕ್ಕುಂದಿಯ ನಮ್ಮ ಬಾಡಿಗೆ ಮನೆಗಳಲ್ಲಿ ಎಂತೆಂಥವರೋ ಇದ್ದು ಹೋಗಿದ್ದಾರೆ. ನಲ್ಲಿ ಮುರಿದವರು, ಗೋಡೆ ತುಂಬ ಮೊಳೆ ಹೊಡೆದವರು, ಹೇಳದೆ ಕೇಳದೆ ಗಂಟುಮೂಟೆ ಕಟ್ಟಿದವರು. ಅವರ ಮುಖಗಳು ನನಗೆ ನೆನಪಿಲ್ಲ, ನೆನಪಿರಲಿ ಅನ್ನುವ ಆಸೆಯೂ ಇಲ್ಲ. ಮೂರನೇ ಮಹಡಿಯಲ್ಲಿದ್ದ ಆ ಬೆಟ್ಟದ ಹುಡುಗಿಯನ್ನು ಮಾತ್ರ ಮರೆಯಲಾರೆ.

ಉತ್ತರಾಖಂಡದವಳು. ಗಂಡ ಪೀಜಿಯೊಂದರಲ್ಲಿ ಅಡುಗೆ ಮಾಡುತ್ತಿದ್ದ. ವರ್ಷದೊಳಗೆ ಕನ್ನಡ ಕಲಿತಳು, ನನ್ನ ಬೈಗುಳಗಳ ಸಮೇತ. ತಾರಸಿಯ ಮೇಲೆ ನಿಂತು ಸುತ್ತಲೂ ನೋಡುತ್ತಲೇ ಇರುತ್ತಿದ್ದಳು. "ಏನೇ ಹುಡುಕ್ತಿದ್ದೀಯಾ?" ಅಂದರೆ, "ಇಲ್ಲಿ ಕಣ್ಣು ಎಲ್ಲೂ ನಿಲ್ಲಲ್ಲ ಅಮ್ಮ" ಅಂದಳು. ಅವಳ ಊರಿನಲ್ಲಿ ಬಾಗಿಲು ತೆಗೆದರೆ ಎದುರಿಗೆ ಬೆಟ್ಟವಂತೆ. ಬಿಸಿಲು ಬರುವುದೇ ತಡವಂತೆ. ಕೆಳಗಿನ ಮನೆಯ ಸೂರು ಮೇಲಿನ ಮನೆಯ ಅಂಗಳದ ಸಮಕ್ಕೆ ಇರುತ್ತದಂತೆ.

"ಅಂಗಾದ್ರೆ ಜಗಳ ಆಡ್ದೋರು ಮುಖ ತಿರುಗಿಸ್ಕೊಂಡು ಎಲ್ಲಿಗೋಗ್ತಾರೆ?" ಅಂತ ರೇಗಿಸಿದರೆ ನಗುತ್ತಿದ್ದಳು.

ತಾರಸಿ ತೊಳೆಯುವಾಗ ಒಮ್ಮೆ ನೀರಿನಲ್ಲಿ ಬೆರಳಾಡಿಸಿ ತನ್ನ ಸೀಮೆಯನ್ನೆಲ್ಲ ಬರೆದು ತೋರಿಸಿದಳು. ಮೇಲಿನಿಂದ ಅಲಕನಂದಾ ಇಳಿಯುತ್ತಾಳೆ. ದಾರಿಯುದ್ದಕ್ಕೂ ಅಕ್ಕಪಕ್ಕದ ಕಣಿವೆಗಳಿಂದ ನದಿಗಳು ಬಂದು ಅವಳನ್ನು ಕೂಡಿಕೊಳ್ಳುತ್ತವೆ, ಕೂಡುವ ಕಡೆ ಒಂದೊಂದು ಊರು. ಪಿಂಡರ್ ಸೇರುವಲ್ಲಿ ಕರ್ಣಪ್ರಯಾಗ, ಮಂದಾಕಿನಿ ಸೇರುವಲ್ಲಿ ರುದ್ರಪ್ರಯಾಗ, ಭಾಗೀರಥಿ ಸೇರುವಲ್ಲಿ ದೇವಪ್ರಯಾಗ. ಅಲ್ಲಿಂದ ಮುಂದೆ ಅವಳ ಹೆಸರೇ ಗಂಗೆ. ಇವಳ ಹಳ್ಳಿ ಕರ್ಣಪ್ರಯಾಗದಿಂದ ಮೇಲಕ್ಕೆ ಹತ್ತಬೇಕು. ಮದುವೆಯಾಗಲಿ ಸಾವಾಗಲಿ, ಜನ ಸಂಗಮಕ್ಕೆ ಇಳಿಯುತ್ತಾರೆ. ನಾನು ಕಂಡ ಬೆಟ್ಟವೆಂದರೆ ನಂದಿ ಬೆಟ್ಟವೊಂದೇ. ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ಅವಳು ಬಸುರಿಯಾದಾಗ ನಾನೇ ಮುಂದೆ ನಿಂತು ಬಸ್ಸಾರು ತಿನ್ನಿಸಿದೆ. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಒಂದು ವಾರವೂ ಬದುಕಲಿಲ್ಲ.

ಆಸ್ಪತ್ರೆಯಿಂದ ತಂದ ಕೂಸನ್ನು ಅವಳು ಮಡಿಲಿನಿಂದ ಇಳಿಸಲೇ ಇಲ್ಲ. ಗಂಡ ಕೈ ಚಾಚಿದರೂ ಕೊಡಲಿಲ್ಲ. ನಾನು ಹೋಗಿ ಕೂತೆ. "ನಮ್ಮ ಕಡೆ ಸಣ್ಣ ಮಕ್ಕಳನ್ನ ಸುಡಲ್ಲ ಅಮ್ಮ. ಎರಡು ನೀರು ಸೇರೋ ಕಡೆ ಬಿಡ್ತೀವಿ. ಇಲ್ಲಿ ಅಂಥ ಜಾಗ ಎಲ್ಲಿದೆ?" ಅಂತ ಕೇಳಿದಳು. ನಮ್ಮಲ್ಲಿ ಸೇರುವುದೆಂದರೆ ರಾಜಕಾಲುವೆಗೆ ಮೋರಿ ನೀರು.

ನಮ್ಮ ತೋಟದ ಮೂಲೆಯಲ್ಲಿ ಮನೆಯ ಹಿರಿಯರ ಗುದ್ದುಗಳಿದ್ದವು. ನಾವು ಸತ್ತವರನ್ನು ಸ್ವಂತ ನೆಲದಲ್ಲೇ ಹೂಳುವವರು. ಕೂಸನ್ನೂ ಅಲ್ಲೇ ಮಲಗಿಸೋಣ ಅಂದೆ. ಮೈದುನ ಎಗರಾಡಿದ: "ಯಾರ್ದೋ ಕೂಸನ್ನ ನಮ್ಮೋರ ಮಗ್ಗುಲಲ್ಲಿ ಮಲಗ್ಸೋಕಾಯ್ತದಾ ಅತ್ತಿಗೆ? ಜನ ಏನಂದಾರು?"

"ಜನ ಏನಾರ ಅನ್ಕೊಳ್ಲಿ. ನಿಮ್ಮಪ್ಪ ಮಕ್ಕಳು ಅಂದ್ರೆ ಪ್ರಾಣ ಬಿಡ್ತಿದ್ರು, ಮರ್ತೋಯ್ತಾ? ಸುಮ್ನೆ ಗುದ್ದಲಿ ತಗೊಂಡ್ ಬಾ."

ಗೊಣಗಿಕೊಂಡೇ ಬಂದ. ಪುಣ್ಯಾತ್ಮ, ಗುಂಡಿಯನ್ನೂ ಅವನೇ ತೋಡಿದ.

ಅವತ್ತು ನಲ್ಲಿಯಲ್ಲಿ ಕಾವೇರಿ ಬಂದಿತ್ತು. ಒಂದು ಕೊಡ ಕಾವೇರಿ ಹಿಡಿದೆ, ಇನ್ನೊಂದು ಕೊಡಕ್ಕೆ ನಮ್ಮ ಬೋರ್‌ವೆಲ್ ನೀರು ತುಂಬಿದೆ. ಒಂದನ್ನು ಅವಳ ಕೈಗೆ ಕೊಟ್ಟು, ಗುಂಡಿಯ ಆ ಕಡೆಯಿಂದ ನೀನು ಹುಯ್ಯಿ, ಈ ಕಡೆಯಿಂದ ನಾನು ಹುಯ್ಯುತ್ತೇನೆ ಅಂದೆ. ಕೆಂಪು ಮಣ್ಣಿನ ಮೇಲೆ ಎರಡೂ ನೀರು ಹರಿದು ತಳದಲ್ಲಿ ಕೂಡಿದವು. "ಸೇರ್ತು ನೋಡವ್ವ" ಅಂದೆ. ಬಗ್ಗಿ ನೋಡಿದಳು. ಆಮೇಲೆ ಕೂಸನ್ನು ತಾನೇ ಮಲಗಿಸಿದಳು.

ಕೆಲವು ತಿಂಗಳಿಗೆ ಅವರು ಊರಿಗೆ ಹೊರಟುಹೋದರು. ಆಗಾಗ ಫೋನು ಮಾಡಿ, "ನೀರು ಹಾಕಿದ್ರಾ ಅಮ್ಮ?" ಅಂತ ಕೇಳುವಳು. ಹಾಕುತ್ತಿದ್ದೆ, ಎರಡು ಕೊಡದಿಂದಲೂ.

ಆಮೇಲೆ ನಮ್ಮ ಆಸ್ತಿ ಭಾಗವಾಯಿತು. ಆ ಮೂಲೆ ಮೈದುನನ ಪಾಲಿಗೆ ಹೋಯಿತು, ಅವನು ಬಿಲ್ಡರಿಗೆ ಮಾರಿದ. ಹಿರಿಯರ ಮೂಳೆಗಳನ್ನು ಪೂಜೆ ಮಾಡಿಸಿ ಬೇರೆ ಕಡೆ ಸಾಗಿಸಿದೆವು. ಕೂಸಿನದನ್ನೂ ಬಿಡಬೇಡಿ ಅಂತ ನಿಂತು ಅಗೆಸಿದೆ. ಸಿಕ್ಕಿದ್ದು ಬರೀ ಮಣ್ಣು. ಮುಚ್ಚಿಡುವ ಜಾಯಮಾನ ನನ್ನದಲ್ಲ, ಫೋನಿನಲ್ಲಿ ಎಲ್ಲ ಹೇಳಿಬಿಟ್ಟೆ. "ಹಾಗಾದ್ರೆ ಅವಳು ಅಲ್ಲೇ ಇದಾಳೆ ಅಮ್ಮ" ಅಂದಳು.

ಹೋದ ಕಾರ್ತಿಕದಲ್ಲಿ ಗಂಡನನ್ನು ಊರಿನಲ್ಲೇ ಬಿಟ್ಟು ಒಬ್ಬಳೇ ಬಂದಳು. ಸೊರಗಿದ್ದಳು. ಕಾಫಿಯನ್ನೂ ಕುಡಿಯದೆ, ಮೊದಲು ಅಲ್ಲಿಗೆ ಹೋಗೋಣ ಅಂದಳು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತೆವು. ಕೂಸನ್ನು ಮಲಗಿಸಿದ್ದ ಜಾಗ ಅಲ್ಲಿಂದಲೇ ಕಾಣುತ್ತಿತ್ತು. ಈಗದು ಕಾರುಗಳು ನೆಲಮಾಳಿಗೆಗೆ ಇಳಿಯುವ ಇಳಿಜಾರು.

ಕಾವಲಿನವನು ವಿಜಯಪುರದ ಕಡೆಯವನು, ಒಳ್ಳೆಯ ಮನುಷ್ಯ. ಫೋನು ತೆಗೆದು ಕೇಳಿದ: "ಯಾರ ಮನಿಗೆ ಹೋಗ್ಬೇಕ್ರೀ ಅಮ್ಮಾರ?"

ನಾನು ಸಿಡುಕಿದೆ. "ಮನೆಗಲ್ಲ ಕಣಪ್ಪ, ಇದು ನಮ್ಮ ತೋಟ ಆಗಿತ್ತು. ಐದ್ ನಿಮಿಷ ಒಳಗೆ ಬಿಡು."

"ಹಂಗ ಬಿಟ್ರ ನನ್ನ ಕೆಲಸ ಹೋಗ್ತೈತ್ರೀ. ಯಾರನ್ನ ನೋಡ್ಬೇಕು, ಅವ್ರ ಹೆಸರರೆ ಹೇಳ್ರಿ. ಕೇಳಿ ಬಿಡ್ತೀನಿ."

ನಾನು ಇನ್ನೊಂದು ಸುತ್ತು ಜಗಳಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಮುಂದೆ ಬಂದು, ನನ್ನಿಂದಲೇ ಕಲಿತ ಕನ್ನಡದಲ್ಲಿ ಅವನಿಗೆ ಉತ್ತರ ಕೊಟ್ಟಳು.

"ನನ್ನ ಮಗಳನ್ನ ನೋಡ್ಬೇಕು ಅಣ್ಣ. ಅವಳಿಗೆ ಇನ್ನೂ ಹೆಸರು ಇಟ್ಟಿರಲಿಲ್ಲ."